ಹುಣಸೆ ಬೀಜದಷ್ಟು ಕಾಸು

ಮರಳುಕೋಟೆಯ ಅರಸ ಡಂಗುರ ಸಾರಿಸಿದ. ಯವನರ ಹಡಗಿನಲ್ಲಿ ರೋಮ್ ದೇಶದ ಚಿಲ್ಲರೆ ಕಾಸು ಬರುತ್ತದೆ. ಸವೆದು ಸವೆದು ಮುಖವಿಲ್ಲ, ಅಕ್ಷರವಿಲ್ಲ. ಅದನ್ನು ಗುರುತು ಹಿಡಿಯುವವನು ಬೇಕು. ಅರಸನ ಮೂರು ಒಗಟು ಬಿಡಿಸಿದವನಿಗೆ ಸುಂಕದ ಕಟ್ಟೆಯ ಅಧಿಕಾರ, ಹತ್ತು ಹಳ್ಳಿ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ. ಸರಿಯುತ್ತರವನ್ನು ಒಬ್ಬ ಯವನ ನಾವಿಕ ಓಲೆಯಲ್ಲಿ ಬರೆಸಿಕೊಟ್ಟಿದ್ದ. ಓಲೆ ಅರಸನ ಹತ್ತಿರವಿತ್ತು.

ಆ ಊರಿನ ಅಳಿವೆಯಲ್ಲಿ ದುಗ್ಗ ಅಂತ ಒಬ್ಬ ಜಲಗಾರ. ಮರಳು ತೊಳೆದು, ಸಿಕ್ಕಿದ್ದು ಮಾರಿ ಬದುಕುವವನು. ತೊಳೆಯುವುದು ಅವನು. ತೂಗುವುದು ಹೆಂಡತಿ ಬೀರವ್ವ. ತೆಂಗಿನ ಚಿಪ್ಪಿನ ತಕ್ಕಡಿ, ಗುಲಗಂಜಿಯ ತೂಕ. ಕಾಸಿನ ಗುಣವನ್ನೆಲ್ಲ ಅವಳೇ ಅವನಿಗೆ ಹೇಳಿಕೊಟ್ಟಿದ್ದಳು.

ಬೇಸಿಗೆಯಲ್ಲಿ ಬೀರವ್ವನಿಗೆ ಜ್ವರ ಬಂತು. ವೈದ್ಯರು ಹೊಳೆಯಾಚೆ. ದುಗ್ಗ ಅವಳನ್ನು ಹೊತ್ತು ದೋಣಿ ದಾಟಿಸುವ ಕಡವಿಗೆ ಹೋದ. ಕೈಯಲ್ಲಿದ್ದದ್ದು ಹುಣಸೆ ಬೀಜದಷ್ಟು ಒಂದು ಕಾಸು. ಅಂಬಿಗ ತಿರುವಿ ನೋಡಿದ. ಇದು ದೊಡ್ಡ ಕಾಸಿನ ತುಂಡು, ತುಂಡು ಕಾಸು ಮುಟ್ಟಬಾರದು ಅಂತ ಅರಸರ ಅಪ್ಪಣೆ ಅಂದ.

"ತುಂಡಲ್ಲ ಅಣ್ಣಾ. ಇಡೀದು," ಅಂದಳು ಬೀರವ್ವ.

ಅಂಬಿಗ ಅವರನ್ನು ಹತ್ತಿಸಿಕೊಳ್ಳದೆ ದೋಣಿ ಬಿಟ್ಟ. ಸಂಜೆಗೆ ಅವಳು ದಡದಲ್ಲೇ ತೀರಿಕೊಂಡಳು.

ದುಗ್ಗ ಅರಮನೆಗೆ ಹೋದದ್ದು ಹಳ್ಳಿಗಳಿಗಾಗಿ ಅಲ್ಲ. ಗೆದ್ದವನ ಮಾತನ್ನು ಅರಸ ಕೇಳಬೇಕು. ಅವಳು ಹೇಳಿದ್ದು ನಿಜ ಅಂತ ಅರಸನ ಬಾಯಲ್ಲಿ ಬರಬೇಕು. ಬಾರದಿದ್ದರೆ ತಲೆ ಹೋಗಲಿ.

ಅವನ ಮುಂದೆ ಇಬ್ಬರಿದ್ದರು. ಅರಸ ಒಂದೇ ಅಗಲದ ಎರಡು ಕರಿ ಕಾಸು ಇಟ್ಟು, ಇದರಲ್ಲೊಂದು ಇನ್ನೊಂದರ ಎರಡರಷ್ಟು ಬಾಳುತ್ತದೆ, ಯಾವುದು ಅಂತ ಕೇಳಿದ. ಚಿನಿವಾರ ಕೇಸವಯ್ಯ ತೂಗಿ ನೋಡಿ, ಭಾರದ್ದು ಅಂದ. ಅವನನ್ನು ಎಳೆದೊಯ್ದರು. ಮಂತ್ರಿಯ ಅಳಿಯ ಹಗುರಾದದ್ದು ಅಂತ ಅಂದಾಜಿಗೆ ಅಂದು ಉಳಿದ. ಅರಸ ಅವನ ಮುಂದೆ ಅಗಲವಾದ ಒಂದು ತೆಳು ಕಾಸು, ಕಿರಿದಾದ ಒಂದು ದಪ್ಪ ಕಾಸು ತಕ್ಕಡಿಗೆ ಹಾಕಿದ. ಮುಳ್ಳು ನೆಟ್ಟಗೆ ನಿಂತಿತು. ಇವುಗಳಲ್ಲಿ ಯಾವುದು ದೊಡ್ಡದು ಅಂತ ಕೇಳಿದ. ತೂಕ ಸಮ, ಬೆಲೆಯೂ ಸಮ ಅಂದ ಅಳಿಯ. ಅವನೂ ಹೋದ.

ದುಗ್ಗ ಮುಂದೆ ಬಂದ.

"ಮರಳಿನವನೇ, ನಿನ್ನ ತಲೆ ನಿನಗೆ ಭಾರವಾಯಿತೇನೋ?" ಅಂದ ಅರಸ.

"ತಲೆ ತೂಗಿಲ್ಲ ಒಡೆಯಾ. ಕಾಸು ಕೊಡಿ."

ಮಡಿಲಿನಿಂದ ಹುಣಸೆಹಣ್ಣು ತೆಗೆದು ಎರಡು ಕರಿ ಕಾಸನ್ನೂ ಉಜ್ಜಿದ. ಒಂದು ಕೆಂಪಾಯಿತು, ಒಂದು ಹಳದಿ. ಕೆಂಪು ತಾಮ್ರ, ಅದು ಒಂದು. ಹಳದಿ ಹಿತ್ತಾಳೆ, ಅದು ಎರಡು. ಹುಟ್ಟಿದಾಗ ಹಳದಿಯದೇ ಹೆಚ್ಚು ಭಾರ, ಈಗ ಸವೆದು ಹಗುರಾಗಿದೆ ಅಂದ. ಎರಡನೆಯ ಒಗಟಿಗೆ ಅಗಲವಾದ ಕಾಸನ್ನು ಎತ್ತಿ ಇಟ್ಟ.

"ಅಗಲ ಹುಟ್ಟಿದ್ದನ್ನು ಹೇಳುತ್ತದೆ ಒಡೆಯಾ. ತೂಕ ಪಟ್ಟ ಪಾಡನ್ನು ಹೇಳುತ್ತದೆ. ಇದು ದೊಡ್ಡದಾಗೇ ಹುಟ್ಟಿ ಇಷ್ಟಕ್ಕೆ ಇಳಿದಿದೆ."

ಅರಸ ಓಲೆ ನೋಡಿದ. ಮೂರನೆಯದಾಗಿ ಹುಣಸೆ ಬೀಜದಷ್ಟು ಒಂದು ಕಾಸು ಇಟ್ಟ. "ಇದು ಯಾವ ಕಾಸಿನ ತುಂಡು?"

ದುಗ್ಗ ಅದನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿದ. ಆಮೇಲೆ ಸೊಂಟದಿಂದ ಅಂಬಿಗ ಬೇಡವೆಂದ ಕಾಸು ತೆಗೆದು ಎದುರು ತಟ್ಟೆಗೆ ಹಾಕಿದ. ಮುಳ್ಳು ಅಲುಗಲಿಲ್ಲ.

"ತುಂಡಾದರೆ ಒಂದು ಮೂಲೆ ಇರಬೇಕು. ಇದರ ಅಂಚು ಸುತ್ತಲೂ ನಯ. ಒಂದೊಂದು ತುಂಡು ಒಂದೊಂದು ತೂಕ. ಇವು ಯಾವತ್ತೂ ಎಂಟು ಒಂಬತ್ತು ಗುಲಗಂಜಿ. ಇದು ತುಂಡಲ್ಲ. ಇಡೀದು."

"ಇಡೀದು. ಓಲೆಯಲ್ಲೂ ಹಾಗೇ ಇದೆ," ಅಂದ ಅರಸ.

"ಓಲೆ ಯಾವಾಗ ಬಂತು ಒಡೆಯಾ?"

"ಹೋದ ಚಳಿಗಾಲ."

"ಕಡವಿಗೆ ಯಾಕೆ ಹೇಳಿ ಕಳಿಸಲಿಲ್ಲ?"

"ಹೇಳಿದ್ದರೆ ಒಗಟು ಕೆಡುತ್ತಿತ್ತಲ್ಲ."

ದುಗ್ಗ ತನ್ನ ಕಾಸು ವಾಪಸು ತೆಗೆದುಕೊಂಡ. ಈ ಕಾಸು ಇಡೀದು ಅಂತ ಕಡವಿನಲ್ಲಿ ಡಂಗುರ ಸಾರಿಸಿ ಅಂತಷ್ಟೇ ಕೇಳಿದ.

ಮಾರನೆಯ ದಿನ ಡಂಗುರ ಹೊಡೆದರು. ದುಗ್ಗ ಕಡವಿಗೆ ಹೋಗಿ ಅದೇ ಕಾಸು ಕೊಟ್ಟ. ಅಂಬಿಗ ಅದನ್ನು ನೋಡದೆ ತೆಗೆದುಕೊಂಡ. ಕೂತ್ಕೊಳ್ಳಿ ಅಯ್ಯಾ ಅಂತ ಹಲಗೆ ಒರೆಸಿದ. ನಡುಹೊಳೆಯಲ್ಲಿ ಮೆಲ್ಲಗೆ, "ಆವತ್ತು ನನಗೆ ಗೊತ್ತಿರಲಿಲ್ಲ," ಅಂದ.

"ಅವಳಿಗೆ ಗೊತ್ತಿತ್ತು," ಅಂದ ದುಗ್ಗ.

ಆಚೆ ದಡದಲ್ಲಿ ವೈದ್ಯರು ಯಾರಿಗೆ ಮದ್ದು ಅಂತ ಕೇಳಿದರು. ದುಗ್ಗ ತಿರುಗಿ ನಡೆದ. ಅದೇ ದೋಣಿಯಲ್ಲಿ ವಾಪಸು ಬಂದ. ಹತ್ತು ಹಳ್ಳಿ ಅವನದಾಯಿತು.