ಐದನೇ ಕೆರೆಯ ತಂಬಿಟ್ಟು

ಏಳು ಕೆರೆಗಳ ಓಟಕ್ಕೆ ಇನ್ನು ಹನ್ನೊಂದೇ ದಿನ ಇತ್ತು. ಆಗ ಮಾದೇವಿ ಮುದ್ದೆ ಬಿಟ್ಟಳು!

ಮುದ್ದೆಯೊಂದೇ ಅಲ್ಲ, ಅನ್ನ, ಬೆಲ್ಲ, ಬಾಳೆಹಣ್ಣು ಎಲ್ಲಕ್ಕೂ ಎಳ್ಳುನೀರು ಬಿಟ್ಟಳು. ಕಾರಣವೂ ಇತ್ತು. ಈ ಇಪ್ಪತ್ತು ಮೈಲಿ ಓಟದಲ್ಲಿ ಮೊದಲು ಬಂದ ಇಬ್ಬರಿಗೆ ಮಾತ್ರ ರಾಜ್ಯ ತಂಡದಲ್ಲಿ ಜಾಗ. ಹೋದ ವರ್ಷ ಮೂರನೆಯವಳಾಗಿ ಬಂದ ಮಾದೇವಿ ವಾರವಿಡೀ ಅತ್ತಿದ್ದಳು. ಗೆದ್ದಿದ್ದವಳು ಶಿವಲೀಲಾ. ಮೊನ್ನೆ ಅಭ್ಯಾಸ ಮುಗಿಸಿ ಶಿವಲೀಲಾ ಊಟಕ್ಕೆ ಕೂತಾಗ ಮಾದೇವಿ ಕದ್ದು ನೋಡಿದಳು. ತಟ್ಟೆಯಲ್ಲಿ ಮೊಟ್ಟೆ, ಸೊಪ್ಪು, ಕಡಲೆಕಾಯಿ, ಬೆಣ್ಣೆ. ಅನ್ನದ ಒಂದು ಅಗುಳೂ ಇಲ್ಲ! ಗೆಲುವಿನ ಗುಟ್ಟು ಸಿಕ್ಕಿತೆಂದು ಕುಣಿಯುತ್ತಲೇ ಮನೆಗೆ ಬಂದಳು.

"ಹುಲಿ ನೋಡಿ ನರಿ ಬರೆ ಹಾಕ್ಕೊಂಡಂಗಾಯ್ತು ಕಣೇ" ಎಂದಳು ಅವ್ವ. ಕೇಳುವವರು ಯಾರು? ಎರಡು ಕೆಜಿ ಇಳಿದಿದ್ದಾಳೆ, ಮೈ ಹಗುರಾಗಿದೆ!

ಓಟದ ದಿನ ಬಂತು. ಪ್ರತಿ ಕೆರೆ ಏರಿಯ ಮೇಲೂ ಆಯಾ ಊರಿನ ಹೆಂಗಸರು ತಂಬಿಟ್ಟು ಹಿಡಿದು ನಿಲ್ಲುವುದು ಆ ಸೀಮೆಯ ಪದ್ಧತಿ. ಮಾದೇವಿ ಒಂದನ್ನೂ ಮುಟ್ಟಲಿಲ್ಲ. ನಾಲ್ಕನೇ ಕೆರೆಯವರೆಗೂ ಅವಳೇ ಮುಂದೆ. ಶಿವಲೀಲಾಳಿಗಿಂತಲೂ ಮುಂದೆ!

ಐದನೇ ಏರಿ ಹತ್ತುವಾಗ ಕಾಲು ಮಾತು ಕೇಳಲಿಲ್ಲ. ಕಣ್ಣು ಕತ್ತಲಿಟ್ಟಿತು. ಮಾದೇವಿ ಅಲ್ಲೇ ಕುಸಿದು ಕೂತಳು.

"ತಿನ್ನು ಮಗಾ" ಎಂದು ಅಜ್ಜಿಯೊಬ್ಬಳು ತಂಬಿಟ್ಟು ಚಾಚಿದಳು.

"ಬ್ಯಾಡಜ್ಜಿ, ಅಕ್ಕಿ ಬೆಲ್ಲ ಬಿಟ್ಟಿದ್ದೀನಿ."

ಅಷ್ಟರಲ್ಲಿ ಶಿವಲೀಲಾ ಏರಿ ಹತ್ತಿ ಬಂದಳು.

"ಅಕ್ಕಾ, ನೀನೂ ಇದನ್ನ ತಿನ್ನಲ್ಲ. ನಿನ್ನ ಕಾಲು ಹೆಂಗೆ ಓಡ್ತವೆ?"

"ನಾನು ಬಿಟ್ಟು ಮೂರು ವರ್ಷ ಆಯ್ತು! ಮೊದಲ ಮೂರು ತಿಂಗಳು ಮೆಟ್ಟಿಲು ಹತ್ತೋಕೂ ಆಗ್ತಿರಲಿಲ್ಲ. ನೀನು ಬಿಟ್ಟು ಎಷ್ಟು ದಿನ?"

"ಹನ್ನೊಂದು."

"ಹಂಗಾದ್ರೆ ತಿನ್ನೇ, ಮಂಕೇ!" ಎಂದು ಕೂಗಿ ಅವಳು ಓಡಿಯೇಬಿಟ್ಟಳು.

ಮಾದೇವಿ ತಿಂದಳು. ಒಂದಲ್ಲ, ಎರಡು! ಮೇಲೆ ಒಂದು ಚೊಂಬು ನೀರು. ಅಷ್ಟರಲ್ಲಿ ಇನ್ನೂ ನಾಲ್ವರು ಅವಳನ್ನು ದಾಟಿ ಹೋದರು. ಎದ್ದು ಕುಂಟುತ್ತ ಹೊರಟಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾಲಿಗೆ ಜೀವ ಬಂತು. ಆರನೇ ಕೆರೆಯ ಹತ್ತಿರ ಒಬ್ಬಳನ್ನು ಹಿಂದೆ ಹಾಕಿದಳು. ಅಲ್ಲೂ ತಂಬಿಟ್ಟು ಕಸಿದುಕೊಂಡೇ ಓಡಿದಳು! ಏಳನೆಯದರಲ್ಲಿ ಇನ್ನಿಬ್ಬರು ಹಿಂದುಳಿದರು. ಮುಂದೆ ಉಳಿದದ್ದು ಗೆಲುವಿನ ಗೆರೆಯತ್ತ ಹೊರಟಿದ್ದ ಶಿವಲೀಲಾ, ಅವಳ ಹಿಂದೆ ಇನ್ನೊಬ್ಬಳು. ಜನ ಶಿಳ್ಳೆ ಹೊಡೆಯುತ್ತಿದ್ದರು. ಅವ್ವ ಸೆರಗು ಬೀಸಿ ಕೂಗುತ್ತಿದ್ದಳು. ಶಿವಲೀಲಾ ಗೆರೆ ದಾಟಿದಳು. ಮಾದೇವಿ ಹಲ್ಲು ಕಚ್ಚಿ ನುಗ್ಗಿದಳು. ಆ ಇನ್ನೊಬ್ಬಳಿಗಿಂತ ಒಂದೇ ಒಂದು ಗೇಣು ಮುಂದೆ, ಎರಡನೆಯವಳು!

ಏದುಸಿರು ಬಿಡುತ್ತಲೇ ಅವಳು ಶಿವಲೀಲಾಳ ಕೈ ಹಿಡಿದಳು. "ನಂಗೂ ನಿನ್ನ ಊಟ ಕಲಿಸ್ತೀಯಾ, ಅಕ್ಕಾ?"

"ಕಲಿಸ್ತೀನಿ. ಯಾವ ಓಟವೂ ಇಲ್ಲದ ತಿಂಗಳಲ್ಲಿ, ನಿಧಾನಕ್ಕೆ. ನಿನ್ನ ಮೈಗೆ ಒಗ್ಗದಿದ್ರೆ ಬಿಟ್ಟುಬಿಡೋಣ. ಈಗ ಮನೆಗೋಗಿ ಮುದ್ದೆ ಉಣ್ಣು!"

ನೀತಿ: ಗೆದ್ದವರ ತಟ್ಟೆಯಲ್ಲಿ ಏನಿದೆ ಎಂದು ನೋಡಿದರೆ ಸಾಲದು, ಎಷ್ಟು ದಿನದಿಂದ ಇದೆ ಎಂದೂ ಕೇಳಬೇಕು.