ಕೆಂಪು ನೀರು ಹೋದ ದಾರಿ

ದಯಾನಂದ ಮತ್ತು ಕೋಮಲಾ ಹನ್ನೆರಡು ವರ್ಷ ಬಾಡಿಗೆ ಮನೆಯಲ್ಲಿದ್ದು, ಕೊನೆಗೂ ಒಂದು ಸ್ವಂತ ಮನೆ ನೋಡಿದರು. ಗಂಡ ಹೆಂಡತಿ ಕೂಡಿಟ್ಟಿದ್ದೆಲ್ಲ ಅದಕ್ಕೇ ಹೋಗುವುದಿತ್ತು. ಇದು ಕೈಕೊಟ್ಟರೆ ಇನ್ನೊಂದು ಮನೆಯ ಮಾತೇ ಇಲ್ಲ.

ವಾಸ್ತು ಪಂಡಿತರು ಬಂದು ಮೂಲೆ ಮೂಲೆ ಸುತ್ತಿದರು. ಈಶಾನ್ಯದಲ್ಲಿದ್ದ ಶೌಚಾಲಯವನ್ನು ಮನೆಯ ಯಜಮಾನರು ಒಡೆಸಿ ಹಿಂದಿನ ವಾಯವ್ಯ ಮೂಲೆಯಲ್ಲಿ ಕಟ್ಟಿಸಿದ್ದಾರೆಂದು ತಿಳಿದು ತಲೆದೂಗಿದರು. ವಕೀಲರು ಕಾಗದಪತ್ರ ನೋಡಿದರು. ಕೋಮಲಾ ನಲ್ಲಿ ತಿರುಗಿಸಿ ನೀರು ಸಿಹಿಯೋ ಉಪ್ಪೋ ಎಂದು ಕುಡಿದು ನೋಡಿದಳು. ಒಳಗೆಲ್ಲ ಸಾಂಬ್ರಾಣಿಯ ಘಮ. ದಯಾನಂದನಿಗೆ ದೇವಸ್ಥಾನ ಹೊಕ್ಕಂತಾಯಿತು. ನಾಳೆಯೇ ಮುಂಗಡ ಕೊಡೋಣ ಎಂದ.

ಜೊತೆಗೆ ಬಂದಿದ್ದ ಕೋಮಲಾಳ ಸೋದರತ್ತೆ ಪುಟ್ಟಗೌರಮ್ಮ ಮೂವತ್ತು ವರ್ಷ ಲೇಡೀಸ್ ಹಾಸ್ಟೆಲಿನ ವಾರ್ಡನ್ ಆಗಿದ್ದವರು. ಇನ್ನೂರು ಹುಡುಗಿಯರು ಬೆಳಗ್ಗೆ ಒಟ್ಟಿಗೆ ಸ್ನಾನಕ್ಕಿಳಿದಾಗ ಕಟ್ಟಡದ ನಿಜವಾದ ಗುಣ ಹೊರಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು.

“ಮಧ್ಯಾಹ್ನ ಮೂರು ಗಂಟೆಗೆ ಸಾಂಬ್ರಾಣಿ ಯಾಕಪ್ಪ ಹಾಕ್ತಾರೆ?” ಎಂದರು.

“ಭಕ್ತಿ ಇರುತ್ತೆ ಅತ್ತೆ,” ಎಂದ ದಯಾನಂದ.

“ಇರಲಿ. ಭಾನುವಾರ ಹತ್ತು ಜನ ಮನೆ ನೋಡೋಕೆ ಬರ್ತೀವಿ ಅಂತ ಹೇಳು. ಅಲ್ಲೀವರೆಗೂ ದುಡ್ಡು ಜೇಬಲ್ಲೇ ಇರಲಿ.”

ಹೆಣ್ಣು ನೋಡಲು ಹೋದವರು ಹುಡುಗಿಯ ಹಲ್ಲು ಎಣಿಸಿದಂತಾಯಿತು ಇದು ಎಂದು ದಯಾನಂದ ಗೊಣಗಿದ. ಅಷ್ಟರಲ್ಲಿ ಬೇರೆಯವರು ಕೊಂಡುಬಿಟ್ಟರೆ ಎಂಬ ಭಯ ಬೇರೆ. ಕೋಮಲಾ ಮಾತ್ರ ಅತ್ತೆಯ ಕಡೆ.

ಭಾನುವಾರ ಪುಟ್ಟಗೌರಮ್ಮ ನೆಂಟರ ದಂಡಿನೊಂದಿಗೆ ಬಂದು, ಎರಡು ಬಕೆಟ್ ನೀರಿಗೆ ಅರಿಸಿನ, ಸುಣ್ಣ ಕಲಸಿದರು. ನೀರು ಆರತಿ ತಟ್ಟೆಯಲ್ಲಿರುವ ಹಾಗೆ ಕೆಂಪಾಯಿತು. ಮನೆಯ ಯಜಮಾನ ರಾಮಲಿಂಗಯ್ಯ, ಮನೆಗೆ ದೃಷ್ಟಿ ತೆಗೆಯುತ್ತಾರೆಂದು ಕೈಮುಗಿದು ನಿಂತರು. ಅತ್ತೆ ಅವರನ್ನು ದಾಟಿ ನೆಟ್ಟಗೆ ಶೌಚಾಲಯಕ್ಕೆ ಹೋಗಿ ಎರಡೂ ಬಕೆಟ್ ಸುರಿದರು. ನೆಂಟರು ಸಿಕ್ಕ ಸಿಕ್ಕ ನಲ್ಲಿ ಬಿಟ್ಟರು. ಬೀದಿಯ ಒಳಚರಂಡಿ ಚೇಂಬರಿನ ಮುಚ್ಚಳ ತೆಗೆಸಿ, ಕೆಂಪು ನೀರು ಬಂತೇ ಎಂದು ನೋಡುವ ಕೆಲಸ ದಯಾನಂದನದು. ಅಕ್ಕಪಕ್ಕದವರೂ ಅವನ ಸುತ್ತ ನಿಂತು ಬಗ್ಗಿ ನೋಡಿದರು.

“ಬಂತಾ?” ಒಳಗಿನಿಂದ ಅತ್ತೆ ಕೇಳಿದರು.

“ಇಲ್ಲ.”

ಹತ್ತು ನಿಮಿಷವಾಯಿತು. ಆಗ ಹಿತ್ತಿಲಿನಿಂದ ರಾಮಲಿಂಗಯ್ಯನವರ ಹೆಂಡತಿ ಪಂಕಜಮ್ಮ ಮೆಲ್ಲಗೆ ಹೇಳಿದರು: “ಇಲ್ಲಿ ಬಂತು.”

ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಜಾಲರಿಯಿಂದ ಕೆಂಪು ನೀರು ಉಕ್ಕಿ ಅವರ ಪಾದ ತೊಳೆಯುತ್ತಿತ್ತು.

ವಿಷಯ ಇಷ್ಟೇ. ಚೇಂಬರ್ ಇದ್ದದ್ದು ಮನೆಯ ಮುಂದೆ, ಎತ್ತರದಲ್ಲಿ. ಶೌಚಾಲಯವನ್ನು ಕಳಿಸಿದ್ದು ಹಿಂದಿನ ತಗ್ಗಿಗೆ. ವಾಸ್ತುವಿನ ಮಾತನ್ನು ಶೌಚಾಲಯ ಕೇಳಿತು, ನೀರು ಕೇಳಲಿಲ್ಲ. ಎರಡೇ ಜನರ ಮನೆಯಾದ್ದರಿಂದ ಅದು ಉಕ್ಕದೆ, ಪೈಪಿನಲ್ಲೇ ನಿಂತು ಬರೀ ನಾರುತ್ತಿತ್ತು. ಅದಕ್ಕೇ ಸಾಂಬ್ರಾಣಿ. ಮನೆ ಆಗಿಬರಲಿಲ್ಲ ಎಂದು ಅವರು ಮಾರಲು ಹೊರಟಿದ್ದೂ ಅದೇ ವಾಸನೆಯಿಂದ.

ರಾಮಲಿಂಗಯ್ಯ ಮೊದಲು ಸಿಟ್ಟಾದರು. ಆಮೇಲೆ ಹೆಂಡತಿಯ ಕೆಂಪು ಪಾದ ನೋಡಿ ನಗು ತಡೆಯಲಾಗಲಿಲ್ಲ. ಸರಿಮಾಡಿಸಿ ಮನೆ ನಿಮಗೇ ಕೊಡುತ್ತೇವೆ ಎಂದು ಮಾತು ಕೊಟ್ಟು, ತಮ್ಮ ಖರ್ಚಿನಲ್ಲೇ ಶೌಚಾಲಯದ ನೆಲ, ಒಗೆಯುವ ಕಲ್ಲಿನ ಜಾಗ ಎರಡನ್ನೂ ಎತ್ತರಿಸಿ, ಇಳಿಜಾರು ಕೊಟ್ಟು ಹೊಸ ಪೈಪು ಹಾಕಿಸಿದರು. ಈಗ ಶೌಚಾಲಯಕ್ಕೆ ಮೂರು ಮೆಟ್ಟಿಲು, ಸಿಂಹಾಸನ ಏರಿದಂತೆ ಏರಬೇಕು.

ವಾಸನೆ ಹೋದ ಮೇಲೆ ಪಂಕಜಮ್ಮನಿಗೆ ಮನೆ ಮಾರಲು ಮನಸ್ಸಾಗಲಿಲ್ಲ. ಕೋಮಲಾ ಬೇರೆ ಮನೆ ನೋಡದೆ ಎಂಟು ದಿನ ಕಾದಳು. ಒಂಬತ್ತನೆಯ ದಿನ ಪಂಕಜಮ್ಮನೇ ಕರೆಸಿ ಹೇಳಿದರು:

“ನೀವು ನೋಡದೇ ಇದ್ದಿದ್ರೆ ಆ ನಾತಾನೆಲ್ಲ ನಿನ್ನ ತಲೆಗೆ ಕಟ್ಟಿ ಹೋಗ್ತಿದ್ದೆ. ಕೊಟ್ಟ ಮಾತು ಕೊಟ್ಟಿದ್ದೇ. ಮನೆ ನಿಂದು, ತಗೊಳಮ್ಮ.”

ಗೃಹಪ್ರವೇಶಕ್ಕೆ ಎಂಬತ್ತು ಜನ ಸೇರಿದರು. ಪಂಕಜಮ್ಮ ಎರಡು ಸಲ ಪಾಯಸ ಹಾಕಿಸಿಕೊಂಡರು. ಬಂದವರು ಬಾಗಿಲು ಹೊಗಳಿದರು, ಕಿಟಕಿ ಹೊಗಳಿದರು. ಪೈಪಿನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಪೈಪಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇರೆ ಇಲ್ಲ.

ನೀತಿ: ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ, ಕಣ್ಣಾರೆ ನೋಡಿ, ಆಮೇಲೆ ಮುಂಗಡ ಕೊಡಿ. ಹಾಗೆ ನೋಡಲು ನಾಚಿಕೆಪಡುವುದು ಒಂದು ದಿನದ್ದು, ನೋಡದೆ ಕೊಂಡ ಮನೆ ಜೀವಮಾನದ್ದು.