ಯಂತ್ರಕ್ಕೆ ಕಿವಿಗೊಟ್ಟ ಅಧಿಕಾರಿ

ರಷ್ಯಾದಲ್ಲಿ ಕ್ರಾಂತಿಯಾಗಿ ನಾಲ್ಕೈದು ವರ್ಷ ಕಳೆದಿತ್ತು. ಅಲ್ಲಿನ ಒಂದು ಬಟ್ಟೆ ಗಿರಣಿಯಲ್ಲಿ ಗ್ಲಾಫಿರಾ ಎಂಬ ಹೆಂಗಸು ಯಂತ್ರಗಳಿಗೆ ಎಣ್ಣೆ ಹಾಕುತ್ತಿದ್ದಳು. ನಸುಕಿನಿಂದ ರೊಟ್ಟಿಯ ಸರದಿಯಲ್ಲಿ ನಿಂತು ದಣಿದಿದ್ದವಳು ಒಂದು ದಿನ ದೊಡ್ಡ ಯಂತ್ರಕ್ಕೆ ಒರಗಿ ನಿದ್ದೆಹೋದಳು. ಕಣ್ಣು ಬಿಟ್ಟರೆ ಎದುರಿಗೆ ಗಿರಣಿಯ ಶಿಸ್ತು ನೋಡಿಕೊಳ್ಳುವ ಅಧಿಕಾರಿ ಝೊಸಿಮೊವ್.

"ಕೆಲಸದ ಹೊತ್ತಿನಲ್ಲಿ ನಿದ್ದೆಯೇ? ನಾಳೆಯಿಂದ ನಿನ್ನ ಪಾಲಿನ ರೊಟ್ಟಿ ಅರ್ಧ!"

ಗ್ಲಾಫಿರಾ ತುಟಿಗೆ ಬೆರಳಿಟ್ಟು, "ಮೆಲ್ಲಗೆ, ಕಾಮ್ರೇಡ್! ಒಳಗೇನೋ ಕಿರುಗುಟ್ಟುತ್ತಿದೆ. ಅದನ್ನೇ ಕೇಳುತ್ತಿದ್ದೆ" ಎಂದಳು.

ಅಧಿಕಾರಿಗೆ ಕುತೂಹಲ ತಡೆಯಲಾಗಲಿಲ್ಲ. ಬಗ್ಗಿ ಕಿವಿಗೊಟ್ಟ. "ನನಗೇನೂ ಕೇಳಿಸುತ್ತಿಲ್ಲವಲ್ಲ?"

"ನಿಂತರೆ ಎಲ್ಲಿ ಕೇಳಿಸುತ್ತೆ? ಕೂತುಕೊಳ್ಳಿ, ಕಣ್ಣು ಮುಚ್ಚಿ."

ಕೂತ, ಕಣ್ಣು ಮುಚ್ಚಿದ. ಹೊರಗೆ ಹಿಮ ಸುರಿಯುತ್ತಿತ್ತು. ಯಂತ್ರ ಬೆಚ್ಚಗಿತ್ತು, ಒಂದೇ ಸಮನೆ ಗುನುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಗ್ಲಾಫಿರಾ ಸದ್ದಿಲ್ಲದೆ ಹೋಗಿ ಉಳಿದ ಯಂತ್ರಗಳಿಗೆಲ್ಲ ಎಣ್ಣೆ ಹಾಕಿ ಬಂದಳು.

ಊಟದ ಸಿಳ್ಳೆ ಕೂಗಿದಾಗ ಝೊಸಿಮೊವ್ ಬೆಚ್ಚಿ ಎದ್ದ. ಸುತ್ತಲೂ ಕೆಲಸಗಾರರು ಗುಂಪುಗೂಡಿದ್ದರು.

ಗ್ಲಾಫಿರಾ ವಿನಯದಿಂದ ಕೇಳಿದಳು: "ಕಿರುಗುಟ್ಟುವುದು ಕೇಳಿಸಿತೇ, ಕಾಮ್ರೇಡ್? ಇಲ್ಲಾ ನಿದ್ದೆ ಬಂದುಬಿಟ್ಟಿತೇ?"

ಝೊಸಿಮೊವ್ ಸುತ್ತ ನಿಂತವರನ್ನು ನೋಡಿದ. ಟೋಪಿ ಸರಿಮಾಡಿಕೊಂಡ.

"ಕೇಳಿಸಿತು, ಚೆನ್ನಾಗಿಯೇ ಕೇಳಿಸಿತು" ಎಂದ ಗಂಭೀರವಾಗಿ. "ಅದಕ್ಕೆ ಇನ್ನೊಂದಿಷ್ಟು ಎಣ್ಣೆ ಹಾಕು."